ಜೀಪಿನ ಜೀರ್ಣೋದ್ಧಾರ

ಪುಣೆಯಿಂದ ನಾಸಿಕದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಭೋಸರಿಯನ್ನೂ ಮೋಶಿಯನ್ನೂ ಹಿಂದಿಕ್ಕಿ ಇಂದ್ರಾಯಣಿಯ ಸೇತುವೆಯನ್ನು ದಾಟಿದ ತರುವಾಯ ಸಿಕ್ಕುವ ಚಾಕಣವೆಂಬ ಊರು, ಒಂದು ಕಾಲಕ್ಕೆ ತನ್ನ ಈರುಳ್ಳಿಯ ಪೇಟೆಗಾಗಿಯೂ ಸಂಗ್ರಾಮದುರ್ಗವೆಂಬ ನೆಲಗೋಟೆಗಾಗಿಯೂ ಹೆಸರಾಗಿದ್ದಿತು. 1660ರಲ್ಲಿ ಶಾಯಿಸ್ತಾಖಾನನ ಅಪಾರವಾದ ಸೈನ್ಯವನ್ನು ಫಿರಂಗೋಜಿ ನರಸಾಳನು ಅಲ್ಪಸಂಖ್ಯೆಯ ಜನರೊಡನೆ ಸುಮಾರು ಎರಡು ತಿಂಗಳ ಕಾಲ ತಡೆದು ನಿಲ್ಲಿಸಿದ್ದು ಈ ಕೋಟೆಯಲ್ಲಿಯೇ. ಕನ್ನಡಿಗರಿಗೆ ಈ ಊರಿನೊಡನೆ ಅದಕ್ಕೂ ಹಿಂದಿನ ಒಂದು ದೂರದ ಸಂಬಂಧವುಂಟು. ಭೋಸಲೆ ಮನೆತನದ ಮಾಲೋಜಿಗೆ ದೊರೆತ ಪುಣೆಯ ಜಹಗೀರಿನೊಂದಿಗೆ ಚಾಕಣದ ಕೋಟೆಯೂ ಸೇರಿದ್ದಿತು. ಅವನ ಮಗ ಶಹಾಜಿಯು ತರುವಾಯ ಬೆಂಗಳೂರಿನ ಜಹಗೀರುದಾರನಾಗಿ ಬಾಳಿ, 1664ರಲ್ಲಿ ನಮ್ಮ ಚನ್ನಗಿರಿ ಸೀಮೆಯ ಹೊದಿಗೆರೆಯಲ್ಲಿ ಮಡಿದು ಅಲ್ಲಿಯೇ ಸಮಾಧಿಯಾದನು. ಈಗ ಚಾಕಣದ ಕೀರ್ತಿಯು ಈರುಳ್ಳಿಯನ್ನೂ ಕೋಟೆಯನ್ನೂ ಬಿಟ್ಟು ಮೋಟಾರಿನ ಕಡೆಗೆ ತಿರುಗಿದೆ. 1999ರಲ್ಲಿ ಬಜಾಜ್ ಕಂಪನಿಯ ಕಾರ್ಖಾನೆಯೂ, ಅದಾಗಿ ಒಂದು ದಶಕದ ಬಳಿಕ ಫೋಕ್ಸ್‌ವ್ಯಾಗನ್, ಮರ್ಸಿಡಿಸ್, ಮಹೀಂದ್ರ ಕಾರ್ಖಾನೆಗಳೂ ಇಲ್ಲಿ ತಲೆಯೆತ್ತಿದವು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರದ ಕಡೆಯಿಂದ ಅನ್ನವನ್ನರಸಿ ಬಂದ ನಮ್ಮವರ ಮಾತು ಅಲ್ಲಿಯ ಚಹದ ಅಂಗಡಿಗಳಲ್ಲಿ ಮರಾಠಿಯ ನಡುವೆ ಆಗಾಗ ಕಿವಿಗೆ ಬೀಳುತ್ತದೆ.

ಆ ಕಾರ್ಖಾನೆಗಳ ಒಳಗೆ ಯಂತ್ರಮಾನವರ ಬಾಹುಗಳು ಬೆಸುಗೆ ಹಾಕಿ ಹೊರಕ್ಕೆ ಕಳುಹಿಸುವ ಹೊಸ ವಾಹನಗಳು ಎಷ್ಟು ಚೆಲುವಾದವೋ ಅಷ್ಟೇ ನಿಗೂಢವಾದವು. ಅವುಗಳ ಬಾನೆಟ್ಟನ್ನು ಎತ್ತಿದರೆ ಕಾಣುವುದು ಪ್ಲಾಸ್ಟಿಕ್ಕಿನ ಮುಚ್ಚಳವೊಂದು. ಒಡೆಯನಾದವನು ಗಾಜು ಒರೆಸುವ ನೀರನ್ನು ತುಂಬುವುದರ ಆಚೆಗೆ ಅಲ್ಲಿ ಮಾಡತಕ್ಕದ್ದು ಏನೂ ಇಲ್ಲ. ಹೀಗಿರಲಾಗಿ, ಅದೇ ಕಾರ್ಖಾನೆಗಳಲ್ಲಿ ಪಾಳಿಯ ದುಡಿಮೆ ಮುಗಿಸಿ ಬಂದ ಕೆಲವರು ಸಂಜೆಯ ಹೊತ್ತಿನಲ್ಲಿ ತಮ್ಮ ಬಾಡಿಗೆಯ ಮನೆಯ ಮುಂದಿನ ತಗಡಿನ ಮಾಡಿನ ಕೆಳಗೆ ಮೂವತ್ತು ವರ್ಷದ ಜೀಪೊಂದನ್ನು ಮರದ ದಿಮ್ಮಿಗಳ ಮೇಲೆ ಏರಿಸಿಕೊಂಡು ಅದರ ಅಡಿಯಲ್ಲಿ ಅಂಗಾತ ಮಲಗಿರುವುದನ್ನು ಕಂಡರೆ ಮೊದಲು ಆಶ್ಚರ್ಯವಾಗಬಹುದು. ಅಂಥವರೊಬ್ಬರು ನನ್ನ ಮಿತ್ರರು. ಮಲೆನಾಡಿನ ಒಂದು ಕಾಫಿ ತೋಟದಲ್ಲಿ ದುಡಿದು ಸವೆದು, ಕೊನೆಗೆ ಕೊಟ್ಟಿಗೆಯ ಹಿಂದೆ ಗೆದ್ದಲಿಗೂ ಕೋಳಿಗಳಿಗೂ ಆಶ್ರಯವಾಗಿದ್ದ ಮಹೀಂದ್ರ ಎಂ.ಎಂ. 540 ಒಂದನ್ನು ಲಾರಿಯ ಮೇಲೆ ಹೇರಿಸಿಕೊಂಡು ಚಾಕಣಕ್ಕೆ ತಂದವರು. ಹಣವು ಅವರಲ್ಲಿ ಧಾರಾಳವಾಗಿರಲಿಲ್ಲ. ಆದರೆ ಹಣ ಕಡಿಮೆಯಿದ್ದುದರಿಂದಲೇ ಅವರ ಕೆಲಸಕ್ಕೆ ಒಂದು ಕ್ರಮ ಬಂದಿತೆಂದು ನಾನು ತಿಳಿದಿದ್ದೇನೆ. ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಆ ಕ್ರಮವನ್ನು ಕುರಿತೇ.

ಜೀಪು ಯುದ್ಧದ ಕೂಸು. 1940ರಲ್ಲಿ ಅಮೆರಿಕದ ಸೈನ್ಯವು ನಾಲ್ಕು ಗಾಲಿಗೂ ಚಾಲನೆಯುಳ್ಳ ಒಂದು ಹಗುರವಾದ ಗಾಡಿಯನ್ನು ಬೇಡಿದಾಗ, ಬ್ಯಾಂಟಮ್ ಎಂಬ ಸಣ್ಣ ಕಂಪನಿಯು ಮೊದಲ ಮಾದರಿಯನ್ನು ಕೆಲವೇ ವಾರಗಳಲ್ಲಿ ಸಿದ್ಧಪಡಿಸಿಕೊಟ್ಟಿತು. ಆದರೆ ಯುದ್ಧದುದ್ದಕ್ಕೂ ಆ ಗಾಡಿಯನ್ನು ಲಕ್ಷಗಟ್ಟಲೆಯಾಗಿ ತಯಾರಿಸಿದ ಲಾಭವೂ ಹೆಸರೂ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾದವು. 80 ಅಂಗುಲದ ಗಾಲಿಯಂತರ, 2.2 ಲೀಟರಿನ ಪೆಟ್ರೋಲ್ ಎಂಜಿನ್, ಸುಮಾರು 60 ಅಶ್ವಶಕ್ತಿ. ಇಷ್ಟೇ ಅದರ ಬಂಡವಾಳ. ನಮ್ಮ ದೇಶದಲ್ಲಿ 1945ರಲ್ಲಿ ಮಹೀಂದ್ರ ಸಹೋದರರು ಮಲಿಕ್ ಗುಲಾಂ ಮಹಮ್ಮದರೊಡನೆ ಸೇರಿ ಸ್ಥಾಪಿಸಿದ ಸಂಸ್ಥೆಯು ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ಮುಂಬಯಿಗೆ ತರಿಸಿ ಜೋಡಿಸತೊಡಗಿತು. ದೇಶವಿಭಜನೆಯಾದಾಗ ಮಲಿಕರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಅರ್ಥಸಚಿವರೂ ಆಮೇಲೆ ಗವರ್ನರ್ ಜನರಲ್ಲರೂ ಆದರು. 1948ರಲ್ಲಿ ಕಂಪನಿಯ ಹೆಸರು ಈಗಿರುವಂತೆ ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ಎಂಜಿನ್ನಿನ ಮೇಲ್ಭಾಗದಲ್ಲಿ ಕವಾಟಗಳನ್ನಿಟ್ಟು ಅದರ ಎತ್ತರವನ್ನು ಹೆಚ್ಚಿಸಿದ ಕಾರಣದಿಂದ ಬಾನೆಟ್ಟೂ ಎತ್ತರವಾದ ಸಿ.ಜೆ. 3ಬಿ ಮಾದರಿಯು ಅಮೆರಿಕದಲ್ಲಿ 1968ರ ಹೊತ್ತಿಗೆ ನಿಂತುಹೋದರೂ ನಮ್ಮಲ್ಲಿ ಮಾತ್ರ ಇನ್ನೂ ಬಹುಕಾಲ ಬಾಳಿತು. 1980ರ ದಶಕದಲ್ಲಿ ಬಂದ ಎಂ.ಎಂ. 540 ಅದೇ ವಂಶದ ಕುಡಿ. ಅದರ ಹೊಟ್ಟೆಯಲ್ಲಿದ್ದುದು ಮಾತ್ರ ಪ್ಯೂಜೋ ಕಂಪನಿಯ ವಿನ್ಯಾಸದ 2112 ಸಿ.ಸಿ. ಡೀಸೆಲ್ ಎಂಜಿನ್. ಕೊಡಗಿನ ಮಾಂದಲಪಟ್ಟಿಗೂ ಕೊಡಚಾದ್ರಿಯ ನೆತ್ತಿಗೂ ಪ್ರವಾಸಿಗಳನ್ನು ಕುಲುಕಿಸುತ್ತ ಏರಿದ ಜೀಪುಗಳಲ್ಲಿ ಈ ಕುಲದವು ಹೇರಳ. ಇದೇ ಕಾಲದ ಬೇರೆ ಎರಡು ಜಾತಿಗಳೆಂದರೆ 1985ರ ಕೊನೆಯಲ್ಲಿ ಬಂದ ಮಾರುತಿ ಜಿಪ್ಸಿ, ಮತ್ತು ನಿಸ್ಸಾನ್ ಪಟ್ರೋಲ್ ಎಂಬ ಗಾಡಿಯ ಮಾದರಿಯ ಮೇಲೆ ಜಬಲಪುರದ ಸೈನಿಕ ಕಾರ್ಖಾನೆಯಲ್ಲಿ ತಯಾರಾದ ಜೊಂಗಾ. ಜೊಂಗಾ ರಾಜಗಾಂಭೀರ್ಯದ್ದು, ಆದರೆ ಅದರ ಆರು ಸಿಲಿಂಡರುಗಳ ಸುಮಾರು ನಾಲ್ಕು ಲೀಟರಿನ ಎಂಜಿನ್ ಕುಡಿಯುವ ಪೆಟ್ರೋಲನ್ನು ನೆನೆದರೆ ಮಿತವ್ಯಯಿಯು ಅದನ್ನು ದೂರದಿಂದಲೇ ನಮಸ್ಕರಿಸುವುದು ಲೇಸು.

ಹಳೆಯ ಜೀಪು ಇಂದಿಗೂ ಬಡವನ ಕೈಗೆ ಎಟುಕುವ ಯಂತ್ರವಾಗಿ ಉಳಿದಿರುವುದಕ್ಕೆ ಅದರ ಶೌರ್ಯವು ಕಾರಣವಲ್ಲ. ಅದು ಬಿಚ್ಚುವುದಕ್ಕಾಗಿಯೇ ಕಟ್ಟಿದ ಯಂತ್ರ. ಕೆಳಗೆ ಏಣಿಯಾಕಾರದ ಚಾಸಿ, ಅದಕ್ಕೆ ಬೋಲ್ಟುಗಳಿಂದ ಬಿಗಿದ ತಗಡಿನ ಒಡಲು, ನಾಲ್ಕು ಮೂಲೆಗಳಲ್ಲಿ ಕಮಾನು ಪಟ್ಟಿಯ ಸ್ಪ್ರಿಂಗುಗಳು, ಹಿಂದೆ ಮುಂದೆ ಎರಡು ಗಟ್ಟಿ ಆಕ್ಸಲ್ ಹೌಸಿಂಗುಗಳು, ನಡುವೆ ಗೇರುಪೆಟ್ಟಿಗೆ ಮತ್ತು ಶಕ್ತಿಯನ್ನು ಎರಡು ಕಡೆಗೂ ಹಂಚುವ ಟ್ರಾನ್ಸ್‌ಫರ್ ಕೇಸು. ಕಣ್ಣಿಗೆ ಕಾಣದ ಗಣಕವಾವುದೂ ಇಲ್ಲಿಲ್ಲವಾದ ಕಾರಣ, ಕೆಟ್ಟದ್ದು ಯಾವುದೆಂಬುದನ್ನು ಕೇಳಿ, ಮುಟ್ಟಿ, ಅಲುಗಿಸಿ ಪತ್ತೆಹಚ್ಚಬಹುದು.

ಕೊಳ್ಳುವಾಗ ಎಂಜಿನ್ನಿನ ಸದ್ದಿಗೆ ಮರುಳಾಗತಕ್ಕದ್ದಲ್ಲ. ಎಂಜಿನ್ನನ್ನು ಹಣ ಕೊಟ್ಟು ಸರಿಪಡಿಸಬಹುದು. ಚಾಸಿ ಕೊಳೆತಿದ್ದರೆ ಕೊಂಡವನ ಹಣವೂ ಅದರೊಡನೆ ಕೊಳೆಯುತ್ತದೆ. ಸ್ಪ್ರಿಂಗಿನ ಶ್ಯಾಕಲ್ಲುಗಳು ಚಾಸಿಗೆ ಸೇರುವ ತಾಣ, ಗೇರುಪೆಟ್ಟಿಗೆಯನ್ನು ಹೊತ್ತ ಅಡ್ಡಪಟ್ಟಿ, ಒಡಲು ಕುಳಿತುಕೊಳ್ಳುವ ರಬ್ಬರಿನ ಬುಡ, ಈ ಮೂರು ಸ್ಥಳಗಳಲ್ಲಿ ಕೆಸರು ನಿಲ್ಲುತ್ತದೆ, ಕೆಸರಿನಲ್ಲಿ ತೇವ ನಿಲ್ಲುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿಯಾದ ಉಕ್ಕು ಕಣಕಣ ಎನ್ನುವುದು, ಟೊಳ್ಳಾದದ್ದು ಮಂದವಾಗಿ ಡಬ್ಬೆನ್ನುವುದು. ಇನ್ನೊಂದು ಎಚ್ಚರಿಕೆ: ಚಾಸಿಯ ಮೇಲೆ ಒತ್ತಿದ ಸಂಖ್ಯೆಯನ್ನು ದಾಖಲೆಯೊಡನೆ ಹೋಲಿಸಿ ನೋಡದೆ ಮುಂಗಡದ ಒಂದು ರೂಪಾಯಿಯನ್ನೂ ಕೊಡಬಾರದು, ತುಕ್ಕು ತಿಕ್ಕುವ ಭರದಲ್ಲಿ ಆ ಸಂಖ್ಯೆಯ ಮೇಲೆ ಗ್ರೈಂಡರನ್ನು ಹಾಯಿಸುವವನು ತನ್ನ ಜೀಪಿನ ಕುಲಗೋತ್ರವನ್ನೇ ಅಳಿಸಿದಂತೆ.

ಈಗ ಕ್ರಮದ ಮಾತು. ದೇವಾಲಯದ ಅಧಿಷ್ಠಾನವು ಬಿರುಕುಬಿಟ್ಟಿರುವಾಗ ಗೋಪುರಕ್ಕೆ ಸುಣ್ಣಬಣ್ಣ ಬಳಿಯುವುದನ್ನು ಯಾರೂ ಜೀರ್ಣೋದ್ಧಾರವೆನ್ನರು. ಆದರೆ ಜೀಪನ್ನು ಮನೆಗೆ ತಂದವರಲ್ಲಿ ಹೆಚ್ಚಿನವರು ಮಾಡುವುದು ಅದನ್ನೇ. ದಪ್ಪ ಟೈರು, ಮಂಜು ದೀಪ, ಮಾಸಲು ಹಸಿರಿನ ಬಣ್ಣ ಮೊದಲು ಬರುತ್ತವೆ; ಬ್ರೇಕಿನ ಸರದಿ ಬರುವಷ್ಟರಲ್ಲಿ ಕೈ ಬರಿದಾಗಿರುತ್ತದೆ. ನನ್ನ ಮಿತ್ರರು ಗೋಡೆಯ ಮೇಲೆ ಇದ್ದಿಲಿನಿಂದ ಬರೆದುಕೊಂಡಿದ್ದ ಅನುಕ್ರಮವಿಷ್ಟೇ: ಮೊದಲು ನಿಲ್ಲಬೇಕು, ಆಮೇಲೆ ತಿರುಗಬೇಕು, ಆಮೇಲೆ ಓಡಬೇಕು, ಕೊನೆಗೆ ಕಾಣಬೇಕು.

ನಿಲ್ಲುವ ವಿಷಯವೇ ಅತ್ಯಂತ ವಿಸ್ತಾರವಾದುದು. ವರ್ಷಗಟ್ಟಲೆ ನಿಂತ ಜೀಪಿನ ಗಾಲಿಯನ್ನು ಕಳಚಿ, ಡ್ರಮ್ಮಿನ ಸುತ್ತಲೂ ಸುತ್ತಿಗೆಯಿಂದ ಮೃದುವಾಗಿ ತಟ್ಟುತ್ತ ಅದನ್ನು ಎಳೆದು ತೆಗೆದಾಗ ಒಳಗೆ ಕಂಡ ದೃಶ್ಯವು ಹೀಗಿದ್ದಿತು: ಲೈನರುಗಳ ಕಪ್ಪು ಧೂಳು ಸೋರಿದ ಎಣ್ಣೆಯೊಡನೆ ಕಲಸಿ ಅಂಟಾಗಿದ್ದಿತು, ಗಾಲಿಯ ಸಿಲಿಂಡರಿನ ರಬ್ಬರಿನ ಮುಸುಕನ್ನು ಬೆರಳಿನಿಂದ ಮಗುಚಿದೊಡನೆ ಕಂದು ಬಣ್ಣದ ನೀರು ಎರಡು ಹನಿ ಇಳಿಯಿತು, ಪಿಸ್ಟನ್ನು ತಾನಿದ್ದಲ್ಲಿಯೇ ಬೆಸೆದುಕೊಂಡಿದ್ದಿತು. ಬ್ರೇಕಿನ ದ್ರವವು ಗಾಳಿಯಲ್ಲಿನ ತೇವವನ್ನು ಹೀರುವ ಗುಣವುಳ್ಳದ್ದು. ಹೀರಿದ ನೀರು ತಗ್ಗಿನ ಸ್ಥಳದಲ್ಲಿ ಸೇರಿ ಎರಕದ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ; ಇಳಿಜಾರಿನಲ್ಲಿ ಎಡೆಬಿಡದೆ ಬ್ರೇಕು ಒತ್ತಿದಾಗ ಅದೇ ನೀರು ಕಾಯ್ದು ಆವಿಯಾಗಿ, ಪೆಡಲು ಸ್ಪಂಜಿನಂತೆ ಕುಸಿಯುತ್ತದೆ. ಆದುದರಿಂದ ಗಾಲಿಯ ನಾಲ್ಕು ಸಿಲಿಂಡರುಗಳು, ರಬ್ಬರಿನ ಕೊಳವೆಗಳು, ತುಕ್ಕು ಹಿಡಿದ ಉಕ್ಕಿನ ನಳಿಗೆಗಳು, ಇವನ್ನು ರಿಪೇರಿಯ ಗೋಜಿಗೆ ಹೋಗದೆ ಹೊಸದಾಗಿಯೇ ಹಾಕತಕ್ಕದ್ದು. ಡ್ರಮ್ಮು ಮಾತ್ರ ಲೇತಿನ ಮೇಲೆ ಒಂದು ಸುತ್ತು ಕೆತ್ತಿಸಿಕೊಂಡು ಮತ್ತೆ ಬದುಕಬಲ್ಲುದು, ಅದರ ಮೇಲೆ ಅಚ್ಚೊತ್ತಿದ ಗರಿಷ್ಠ ವ್ಯಾಸವನ್ನು ಮೀರದಿದ್ದರೆ.

ಉನ್ನತಿಯೆಂಬ ಮಾತಿಗೆ ಯೋಗ್ಯವಾದ ಮೊದಲ ವೆಚ್ಚವನ್ನು ನಾನು ಇಲ್ಲಿಯೇ ಸೂಚಿಸುವೆನು. ಬಹಳ ಹಳೆಯ ಜೀಪುಗಳಲ್ಲಿ ನಾಲ್ಕು ಗಾಲಿಗೂ ಒಂದೇ ದ್ರವಮಾರ್ಗ. ಎಲ್ಲಿಯೋ ಒಂದು ನಳಿಗೆ ಒಡೆದರೆ ನಾಲ್ಕೂ ಗಾಲಿಗಳು ಒಮ್ಮೆಗೇ ಅನಾಥವಾಗುವವು. ಮಾರ್ಗವನ್ನು ಎರಡಾಗಿ ಸೀಳುವ ಜೋಡಿ ಮಾಸ್ಟರ್ ಸಿಲಿಂಡರನ್ನು ಅದೇ ಕಂಪನಿಯ ತರುವಾಯದ ಗಾಡಿಗಳಿಂದ ತಂದು ಹೊಂದಿಸಿದರೆ ಅರ್ಧವಾದರೂ ಉಳಿಯುತ್ತದೆ. ಕಾಲಿನ ಶ್ರಮವನ್ನು ತಗ್ಗಿಸುವ ಬೂಸ್ಟರನ್ನು ಬಯಸುವವರು ಒಂದು ಸಂಗತಿಯನ್ನು ಮರೆಯಬಾರದು: ಪೆಟ್ರೋಲ್ ಎಂಜಿನ್ನು ತನ್ನ ಉಸಿರಿನ ನಳಿಗೆಯಲ್ಲಿ ನಿರ್ವಾತವನ್ನು ತಾನೇ ಉಂಟುಮಾಡುತ್ತದೆ, ಡೀಸೆಲ್ಲಿನಲ್ಲಿ ಗಾಳಿಯನ್ನು ತಡೆಯುವ ಬಾಗಿಲಿಲ್ಲದ್ದರಿಂದ ಆ ನಿರ್ವಾತವೂ ಇಲ್ಲ. ಅಲ್ಲಿ ಆಲ್ಟರ್ನೇಟರಿನ ಬೆನ್ನಿಗೆ ಕಟ್ಟಿದ ನಿರ್ವಾತ ಪಂಪೊಂದು ಬೇಕು. ಇದನ್ನು ತಿಳಿಯದೆ ಗುಜರಿಯಿಂದ ಬೂಸ್ಟರೊಂದನ್ನೇ ತಂದು ಬಿಗಿದುಕೊಂಡು, ಬ್ರೇಕು ಮೊದಲಿಗಿಂತ ಗಡುಸಾಯಿತೆಂದು ಗೊಣಗುವವರು ಉಂಟು.

ತಿರುಗುವ ವಿಷಯದಲ್ಲಿ ಹಳೆಯ ಜೀಪಿಗೆ ಒಂದು ಅಪಕೀರ್ತಿಯಿದೆ. ಗಂಟೆಗೆ ಐವತ್ತು ಅರುವತ್ತು ಕಿ.ಮೀ. ವೇಗದಲ್ಲಿ ಹೋಗುತ್ತಿರುವಾಗ ಸಣ್ಣ ಗುಂಡಿಯೊಂದಕ್ಕೆ ಗಾಲಿ ಬಿದ್ದೊಡನೆಯೇ ಮುಂಗಾಲಿಗಳೆರಡೂ ಪಿಶಾಚಿ ಹೊಕ್ಕಂತೆ ಅತ್ತಿತ್ತ ಅದುರತೊಡಗಿ, ಸ್ಟಿಯರಿಂಗು ಕೈಯನ್ನೇ ಕಿತ್ತುಕೊಳ್ಳುವಂತಾಗುತ್ತದೆ. ಗ್ಯಾರೇಜಿನವರು ಇದಕ್ಕೆ ಕೂಡಲೇ ಡ್ಯಾಂಪರೊಂದನ್ನು ಹಾಕಿಕೊಡುತ್ತಾರೆ. ಅದು ನೋವನ್ನು ಮರೆಸುವುದೇ ಹೊರತು ರೋಗವನ್ನು ಕಳೆಯದು. ಮೂಲವಿರುವುದು ಸವೆದ ಕಿಂಗ್ ಪಿನ್ ಬೇರಿಂಗಿನಲ್ಲಿ, ಸಡಿಲವಾದ ಟೈ-ರಾಡಿನ ತುದಿಯಲ್ಲಿ, ತಿಂದುಹೋದ ಶ್ಯಾಕಲ್ಲಿನ ಬುಷ್ಷಿನಲ್ಲಿ. ಗಾಲಿಯನ್ನು ನೆಲದಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಕಟಕಟ ಎಂದರೆ ಹಬ್ಬಿನ ಬೇರಿಂಗನ್ನು ಬಿಗಿಮಾಡಿ ಮತ್ತೆ ನೋಡಬೇಕು. ಆಗಲೂ ಸದ್ದು ನಿಲ್ಲದಿದ್ದರೆ ಕಿಂಗ್ ಪಿನ್ನಿನ ಮುಚ್ಚಳವನ್ನು ಬಿಚ್ಚಿ, ಅದರಡಿಯ ಕಾಗದದಷ್ಟು ತೆಳುವಾದ ಶಿಮ್ಮುಗಳಲ್ಲಿ ಒಂದೆರಡನ್ನು ತೆಗೆದು ಮತ್ತೆ ಬಿಗಿಯಬೇಕು. ಬಿಡಿಭಾಗದ ವೆಚ್ಚವಿಲ್ಲದೆ ಬರಿಯ ತಾಳ್ಮೆಯಿಂದಲೇ ಆಗುವ ದುರಸ್ತಿಯಿದು.

ಎಂಜಿನ್ನಿನ ಬಳಿಗೆ ಬಂದಾಗ ಮನೆಯ ಕೆಲಸಗಾರನು ತನ್ನ ಎಲ್ಲೆಯನ್ನು ಅರಿತಿರಬೇಕು. ಹೊಗೆಯೇ ಮೊದಲ ಸಾಕ್ಷಿ: ನೀಲಿಯಾದರೆ ಎಂಜಿನ್ನು ಎಣ್ಣೆಯನ್ನು ಸುಡುತ್ತಿದೆ; ಕಪ್ಪಾದರೆ ಇಂಧನ ಹೆಚ್ಚು ಅಥವಾ ಗಾಳಿ ಸಾಲದು; ಕಾಯ್ದ ಮೇಲೂ ಬಿಳಿಯಾಗಿಯೇ ಇದ್ದರೆ ಡೀಸೆಲ್ಲು ಪೂರ್ಣವಾಗಿ ಉರಿಯುತ್ತಿಲ್ಲ, ಇಲ್ಲವೆ ನೀರು ಒಳನುಗ್ಗಿದೆ. ನಾಜಲ್ಲುಗಳನ್ನೂ ಇಂಧನದ ಪಂಪನ್ನೂ ಬಿಚ್ಚಿ ನೋಡುವ ಚಪಲವನ್ನು ಅಡಗಿಸಿಕೊಂಡು, ಅವನ್ನು ಪರೀಕ್ಷಾಯಂತ್ರವುಳ್ಳ ಪಂಪಿನ ಅಂಗಡಿಗೆ ಒಯ್ಯುವುದೇ ಕ್ಷೇಮ. ಆದರೆ ಫಿಲ್ಟರು ಬದಲಾಯಿಸಿದ ಮೇಲೆ ಏರ್ ತೆಗೆಯುವ ಕೆಲಸಕ್ಕೆ ಮೆಕ್ಯಾನಿಕ್ಕನ್ನು ಕರೆಯಬೇಕಾಗಿಲ್ಲ. ಫಿಲ್ಟರಿನ ನೆತ್ತಿಯ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಕೈಪಂಪಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋದರೆ, ಮೊದಲು ಬುಸ್ಸೆಂಬ ಗಾಳಿ, ಆಮೇಲೆ ನೊರೆನೊರೆಯಾದ ಡೀಸೆಲ್ಲು, ಕಡೆಗೆ ಗುಳ್ಳೆಯಿಲ್ಲದೆ ತಿಳಿಯಾದ ಧಾರೆ. ಆ ಧಾರೆ ಹರಿಯುತ್ತಿರುವಾಗಲೇ ಸ್ಕ್ರೂವನ್ನು ಬಿಗಿದುಬಿಡಬೇಕು. ತಳದಲ್ಲೊಂದು ಹಳೆಯ ಬಟ್ಟೆಯನ್ನು ಹಿಡಿಯಲು ಮರೆತರೆ ರಾತ್ರಿಯ ಊಟದಲ್ಲಿಯೂ ಡೀಸೆಲ್ಲಿನ ಪರಿಮಳವಿರುತ್ತದೆ.

ದೀಪಗಳ ಬಗ್ಗೆ ಒಂದು ಸಣ್ಣ ಲೆಕ್ಕ. 60 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ 10 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತವೆ. ಈ ಪ್ರವಾಹವೆಲ್ಲ ಡ್ಯಾಶ್‌ಬೋರ್ಡಿನ ಸವೆದ ಸ್ವಿಚ್ಚಿನ ಮೂಲಕ ಮುದಿ ತಂತಿಗಳಲ್ಲಿ ಸುತ್ತಿ ಬರುವಾಗ ದಾರಿಯಲ್ಲಿಯೇ ಎರಡು ವೋಲ್ಟು ಕಳೆದುಹೋದರೆ ಬೆಳಕು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬ್ಯಾಟರಿಯಿಂದ ನೇರವಾಗಿ ಫ್ಯೂಸಿನ ಮೂಲಕ ದಪ್ಪ ತಂತಿಯನ್ನೆಳೆದು, ಸ್ವಿಚ್ಚಿನಿಂದ ಬರಿಯ ಆಜ್ಞೆಯನ್ನಷ್ಟೇ ಪಡೆಯುವ ರಿಲೇ ಎರಡನ್ನು ನಡುವೆ ಇಟ್ಟರೆ, ಹೊಸ ಬಲ್ಬಿನ ಹಂಗಿಲ್ಲದೆಯೇ ದಾರಿ ಬೆಳಗುತ್ತದೆ. ಜೀಪಿನ ಯಾವತ್ತೂ ಸುಧಾರಣೆಗಳಲ್ಲಿ ಇಷ್ಟು ಕಡಿಮೆ ಬೆಲೆಗೆ ಇಷ್ಟು ಫಲ ಕೊಡುವ ಬೇರೊಂದನ್ನು ನಾನರಿಯೆ.

ತುಕ್ಕಿನೊಡನೆ ರಾಜಿ ಸಲ್ಲದು. ಕಬ್ಬಿಣವು ತುಕ್ಕಾದಾಗ ತಾನು ಮೊದಲಿದ್ದುದಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ; ಆದಕಾರಣವೇ ಬಣ್ಣದಡಿಯಲ್ಲಿ ಗುಳ್ಳೆಯೆದ್ದು ಹಕ್ಕಳೆ ಹಕ್ಕಳೆಯಾಗಿ ಕಳಚುವುದು. ಅದರ ಮೇಲೆ ಲಪ್ಪ ಮೆತ್ತಿ ನುಣುಪು ಮಾಡಿದರೆ ಎರಡು ಮಳೆಗಾಲಕ್ಕೆ ಬಂಡವಾಳ ಬಯಲಾಗುತ್ತದೆ. ಜೀವವಿರುವ ಲೋಹ ಹೊಳೆಯುವವರೆಗೂ ತಂತಿಯ ಬ್ರಷ್ಷಿನಿಂದ ಉಜ್ಜಿ, ರಂಧ್ರಬಿದ್ದ ಭಾಗವನ್ನು ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸೆದು, ಎರಡು ಮಗ್ಗುಲಿಗೂ ಎಪಾಕ್ಸಿ ಪ್ರೈಮರು ಬಳಿದ ಮೇಲೆಯೇ ಬಣ್ಣದ ಮಾತು. ಮೇಲಿನ ಬಣ್ಣವನ್ನು ಮನೆಯಲ್ಲಿಯೇ ಬ್ರಷ್ಷಿನಿಂದ ಹಚ್ಚಿದರೂ ನಷ್ಟವಿಲ್ಲ. ಜೀಪಿಗೆ ಕನ್ನಡಿಯ ಹೊಳಪು ಒಪ್ಪುವುದೂ ಇಲ್ಲ.

ಬಿಡಿಭಾಗಗಳ ವಿಚಾರದಲ್ಲಿ ಚಾಕಣದವರು ಭಾಗ್ಯವಂತರು. ಹೊಸ ಮಾಲಿಗೆ ಪುಣೆಯ ನಾನಾಪೇಟೆ. ಹಳೆಯ ಸಲಕರಣೆಗಳಿಗೆ ಬುಧವಾರ ಮತ್ತು ಭಾನುವಾರ ಸೇರುವ ಜೂನಾ ಬಾಜಾರು. ಕೊರೆಸುವುದಕ್ಕೂ ಕೆತ್ತಿಸುವುದಕ್ಕೂ ಭೋಸರಿಯ ಲೇತುಗಳು. ಬೆಂಗಳೂರಿನವನಿಗೆ ಜೆ.ಸಿ. ರಸ್ತೆ ಹೇಗೋ ಇವರಿಗೆ ನಾನಾಪೇಟೆ ಹಾಗೆ. ಹೋಗುವಾಗ ಹಳೆಯ ಭಾಗವನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಬೇಕು, ಏಕೆಂದರೆ ಒಂದೇ ಹೆಸರಿನ ಜೀಪಿನೊಳಗೆ ವರ್ಷದಿಂದ ವರ್ಷಕ್ಕೆ ಹಲ್ಲಿನ ಸಂಖ್ಯೆಯೂ ಬೋಲ್ಟಿನ ಅಳತೆಯೂ ಬದಲಾಗಿರುತ್ತವೆ. ಬಾಯಿಮಾತಿನ ವರ್ಣನೆಯನ್ನು ನಂಬಿ ಅಂಗಡಿಯವನು ಕೊಟ್ಟದ್ದು ಹೊಂದುವುದು ಅಪರೂಪ. ಸೈನ್ಯವು ವಿಲೇವಾರಿ ಮಾಡಿದ ಗಾಡಿಗಳನ್ನು ಹರಾಜಿನಲ್ಲಿ ಹಿಡಿಯುವವರೂ ಇದ್ದಾರೆ. ಅಂಥವರು ಗಾಡಿಗಿಂತ ಮೊದಲು ಕಾಗದಗಳನ್ನು ಕೇಳತಕ್ಕದ್ದು, ಸೈನ್ಯದ ಸಂಖ್ಯೆಯಿಂದ ನಾಗರಿಕ ನೋಂದಣಿಗೆ ಬರುವ ದಾರಿಯು ಕಾಗದಗಳಿಲ್ಲದೆ ತೆರೆಯುವುದಿಲ್ಲ.

ಇನ್ನು ಟೈರು, ವಿಂಚು, ಸ್ನಾರ್ಕಲ್ ಮುಂತಾದ ಅಲಂಕಾರಗಳು. ವಿಂಚಿನ ಅಗತ್ಯವಿರುವಷ್ಟು ಕೆಸರಿಗೆ ಒಬ್ಬಂಟಿಯಾಗಿ ಹೋಗುವವನಿಗೆ ಗಟ್ಟಿಯಾದ ಹಗ್ಗವೂ ಜೊತೆಗೆ ಬರುವ ಇನ್ನೊಂದು ಗಾಡಿಯೂ ಹೆಚ್ಚು ಉಪಕಾರಿ. ಟೈರಿನ ಮೋಹ ಮಾತ್ರ ದುಬಾರಿಯಾದದ್ದು. 28 ಅಂಗುಲದ ಟೈರಿನ ಬದಲಿಗೆ 31 ಅಂಗುಲದ್ದನ್ನು ಹಾಕಿದರೆ ಗಾಲಿಯ ಪ್ರತಿ ಸುತ್ತಿಗೂ ಜೀಪು ಶೇಕಡ 11ರಷ್ಟು ಹೆಚ್ಚು ದೂರ ಹೋಗುತ್ತದೆ. ಮೀಟರು 60 ತೋರುವಾಗ ನಿಜವಾದ ವೇಗ 66ನ್ನು ಮೀರಿರುತ್ತದೆ. ಅಷ್ಟರಮಟ್ಟಿಗೆ ಗೇರುಗಳ ಎಳೆತ ಕುಂದುತ್ತದೆ, ಬ್ರೇಕುಗಳ ಹೊರೆ ಏರುತ್ತದೆ, ಬಂಡೆಯ ನಡುವೆ ಗಾಲಿ ಸಿಕ್ಕಿಕೊಂಡಾಗ ಮುರಿಯುವುದು ಟೈರಲ್ಲ, ಆಕ್ಸಲ್ ಶಾಫ್ಟು. ಕಾರ್ಖಾನೆಯ ಅಳತೆಯ ಟೈರನ್ನೇ ಇಟ್ಟುಕೊಂಡು, ಮಣ್ಣಿನ ದಾರಿಯಲ್ಲಿ ಅದರ ಗಾಳಿಯನ್ನು ಸ್ವಲ್ಪ ಇಳಿಸಿ, ಡಾಂಬರಿಗೆ ಬಂದೊಡನೆ ಮತ್ತೆ ತುಂಬಿಸುವ ಹಳೆಯ ಚಾಲಕರ ಪದ್ಧತಿಗೆ ಖರ್ಚೇ ಇಲ್ಲ. ಮುಂಗಾಲಿಗಳನ್ನು ಬೇಡವಾದಾಗ ಚಾಲನೆಯಿಂದ ಬಿಡಿಸುವ ಫ್ರೀವ್ಹೀಲ್ ಹಬ್ಬುಗಳನ್ನು ಮಾತ್ರ ನಾನು ಒಪ್ಪುವೆನು. ಅವು ಮುಂದಿನ ಹೌಸಿಂಗಿನ ಸವೆತವನ್ನು ತಗ್ಗಿಸುತ್ತವೆ.

ಅಲಂಕಾರದ ಮೇಲೆ ಕಾನೂನಿನ ಕಣ್ಣೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕನು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಾಯಿಸುವವರು ಮೊದಲೇ ಅನುಮತಿ ಪಡೆದು ಅದನ್ನು ನೋಂದಣಿ ಪತ್ರದಲ್ಲಿ ಬರೆಯಿಸಿಕೊಳ್ಳಬೇಕು. ಕರ್ನಾಟಕದ ಸಂಖ್ಯೆಯುಳ್ಳ ಗಾಡಿಯು ಹನ್ನೆರಡು ತಿಂಗಳನ್ನು ಮೀರಿ ಮಹಾರಾಷ್ಟ್ರದಲ್ಲಿ ನೆಲಸುವುದಾದರೆ, ಊರಿನ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರದೊಂದಿಗೆ ಪಿಂಪ್ರಿ-ಚಿಂಚವಡದ ಕಚೇರಿಗೆ ಹೋಗಿ ಎಂ.ಎಚ್. 14 ಎಂಬ ಹೊಸ ಗುರುತನ್ನು ಪಡೆಯಬೇಕು. ಹದಿನೈದು ವರ್ಷ ಕಳೆದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕಾರು-ಜೀಪುಗಳಿಗೆ 600 ರೂಪಾಯಿ ಇದ್ದ ನವೀಕರಣದ ಶುಲ್ಕವು 2022ರ ಏಪ್ರಿಲಿನಿಂದ 5,000ಕ್ಕೆ ಏರಿತು, 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದವುಗಳಿಗೆ 10,000 ರೂಪಾಯಿ ಎಂದು ಗೊತ್ತುಮಾಡಲಾಯಿತು. ಐವತ್ತು ವರ್ಷ ತುಂಬಿ, ಮೂಲರೂಪವನ್ನು ಕಳೆದುಕೊಳ್ಳದೆ ಉಳಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯ ವ್ಯವಸ್ಥೆ ಬಂದಿದೆ. ಆ ಯೋಗವಿರುವುದು ಹಳೆಯ ವಿಲ್ಲಿಸ್ ಮತ್ತು ಸಿ.ಜೆ. 3ಬಿ ಮೊದಲಾದವುಗಳಿಗೆ, ಅಂಥದೊಂದು ಕೈಗೆ ಸಿಕ್ಕಿದವನು ಅದಕ್ಕೆ ಬೊಲೆರೊದ ಎಂಜಿನ್ನನ್ನು ತುರುಕಿದರೆ ಯಂತ್ರದ ಮೇಲೆಯೂ ತನ್ನ ಹಣದ ಮೇಲೆಯೂ ಏಕಕಾಲಕ್ಕೆ ಅಪಚಾರವೆಸಗಿದಂತೆ.

ನನ್ನ ಮಿತ್ರರ ಜೀಪು ಈಗ ಓಡುತ್ತಿದೆ, ಬಣ್ಣ ಇನ್ನೂ ಪೂರ್ತಿಯಾಗಿಲ್ಲ. ಪರೀಕ್ಷೆಗೆ ಅವರು ರಾಜಗುರುನಗರದ ಮೇಲೆ ಭೀಮಾಶಂಕರದ ಕಡೆಗೆ ಏರುವ ಡಾಂಬರು ರಸ್ತೆಯನ್ನೇ ಆರಿಸಿಕೊಂಡರು. ಅಲ್ಲಿಯ ಅಭಯಾರಣ್ಯದೊಳಕ್ಕೆ ಗಾಲಿಯನ್ನಿಳಿಸುವುದು ನಿಷಿದ್ಧ, ಕೋಟೆಗಳ ಕಾಲುದಾರಿಗಳಂತೂ ಕಾಲಿಗಾಗಿಯೇ ಇರುವಂಥವು. ಹಿಂದಿರುಗಿದ ಮೇಲೆ ಬೇರಾವುದಕ್ಕಿಂತಲೂ ಮೊದಲು ಮಾಡಬೇಕಾದ ಕೆಲಸವೊಂದುಂಟು. ಹೊಸದಾಗಿ ಜೋಡಿಸಿದ ಸ್ಪ್ರಿಂಗಿನ ಪಟ್ಟಿಗಳು ಮೊದಲ ಕುಲುಕಾಟದಲ್ಲಿ ಒಂದರ ಮೇಲೊಂದು ಹೊಂದಿಕೊಂಡು ಕೂರುವುದರಿಂದ, ಅವನ್ನು ಹೌಸಿಂಗಿಗೆ ಹಿಡಿದಿಡುವ ಯು-ಬೋಲ್ಟುಗಳು ಬಿಗಿ ತಪ್ಪಿರುತ್ತವೆ. ಸ್ಪ್ಯಾನರು ಹಾಕಿದರೆ ಪ್ರತಿಯೊಂದೂ ಕಾಲು ಸುತ್ತಾದರೂ ತಿರುಗುವುದು ಸಾಮಾನ್ಯ. ಗಾಲಿಯ ನಟ್ಟುಗಳನ್ನೂ ಆಗಲೇ ಒಮ್ಮೆ ನೋಡಿಬಿಡಬೇಕು. ನಾಲ್ಕು ಹಬ್ಬುಗಳನ್ನು ಅಂಗೈಯಿಂದ ಮುಟ್ಟಿ, ಒಂದು ಮಾತ್ರ ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಅದರ ಬೇರಿಂಗನ್ನೋ ಬ್ರೇಕನ್ನೋ ಅಂದೇ ಬಿಚ್ಚತಕ್ಕದ್ದು.